ಕಿಕುನೊ ಕಣ್ಣು ಬರೆದ ರಾಕ್ಷಸರು

“ನಾನು ಸತ್ತ ಮೇಲೆ ನಿಮಗೆಲ್ಲ ತೊಂದರೆ ಆಗ್ಲಿ ಕಣ್ರೀ. ಆಗಲೇಬೇಕು. ಎಪ್ಪತ್ನಾಲ್ಕು ವರ್ಷ ಯಾರಿಗೂ ತೊಂದರೆ ಕೊಡಬಾರದು, ಕೊಡಬಾರದು ಅಂತ ಬಗ್ಗಿ ಬಗ್ಗಿ ನಡೆದು ನನ್ನ ಸೊಂಟ ಹೀಗಾಗಿದೆ. ರೈಲಲ್ಲಿ ಕೆಮ್ಮಿದ್ರೆ ಕ್ಷಮಿಸಿ ಅಂದೆ. ಮೀನು ಸುಟ್ರೆ ಹೊಗೆ ಬಂತೇನೋ ಅಂತ ಪಕ್ಕದ ಮನೆಗೆ ಹೋಗಿ ಕ್ಷಮಿಸಿ ಅಂದೆ. ಈಗ ಸಾಯೋ ಮುಂಚೆ ಮನೆ ಖಾಲಿ ಮಾಡು, ಬಟ್ಟಲು ಎರಡೇ ಇಟ್ಕೋ, ಫೋಟೋ ಒಂದೇ ಇಟ್ಕೋ, ಹಾಸಿಗೆ ಮಡಿಸಿಟ್ಟು ಹೊರಡು ಅಂತೀರಲ್ಲ, ಅದು ನನ್ನ ಕೈಲಾಗಲ್ಲ. ನನ್ನ ರಾಕ್ಷಸರು ಶೆಲ್ಫ್ ಮೇಲೇ ನಿಂತಿರ್ತಾರೆ. ನನ್ನ ಕಾಮಿಕ್ಸ್ ಪುಸ್ತಕ ಗೋಡೆ ಉದ್ದಕ್ಕೂ ಇರ್ತವೆ. ನಾನು ಹೋದ ದಿನ ಬಾಗಿಲು ತೆಗೆದವರು ಒಂದ್ಸಲ ಬೆಚ್ಚಿಬಿದ್ದು ಕಿರುಚಲಿ. ಇಲ್ಲಿ ಯಾರೋ ಒಬ್ಬಳಿದ್ದಳು ಅಂತ ಗೊತ್ತಾಗ್ಲಿ. ಖಾಲಿ ಮನೆ ಬಿಟ್ಟು ಹೋದ್ರೆ ನಾನು ಇದ್ದೆ ಅನ್ನೋದಕ್ಕೆ ಏನು ಗುರುತು? ಕರೆಂಟ್ ಬಿಲ್ಲಾ?”

ಹನವಾ ಕಿಕುನೊ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ, ಆರಿಹೋಗಿದ್ದ ಚಹಾ ಕುಡಿದು, ಬಟ್ಟಲನ್ನು ಮಗುಚಿಟ್ಟಳು. ಕತ್ಸುಶಿಕಾದಲ್ಲಿ ಕಾಲುವೆಗೆ ಹತ್ತಿಕೊಂಡಿರುವ ನಮ್ಮ ಬೀದಿಯ ಹಿರಿಯರ ಸಂಘದ ಕೋಣೆ ಅದು. ಅವತ್ತು ಯಾವುದೋ ಕಂಪನಿಯ ಹುಡುಗಿಯೊಬ್ಬಳು ಬಂದು, ಸಾಯುವ ಮುಂಚೆ ಮನೆ ಸಾಮಾನನ್ನು ಹೇಗೆ ಕಡಿಮೆ ಮಾಡಿಕೊಳ್ಳಬೇಕು ಅಂತ ಚಿತ್ರ ತೋರಿಸಿ ಪಾಠ ಮಾಡಿದ್ದಳು. ಯಾವುದು ಯಾರಿಗೆ, ಯಾವುದು ಕಸಕ್ಕೆ ಅಂತ ಬರೆದಿಡಲು ಎಲ್ಲರಿಗೂ ಒಂದೊಂದು ನೋಟ್‌ಬುಕ್ ಕೊಟ್ಟಿದ್ದರು. ಹದಿನಾಲ್ಕು ಹೆಂಗಸರು ತಲೆ ಬಗ್ಗಿಸಿ ಬರೆಯುತ್ತಿದ್ದರು. ಕಿಕುನೊಳದು ಮಾತ್ರ ಖಾಲಿ.

ಸಂಘದ ಅಧ್ಯಕ್ಷೆ ನೆಜು ಸಾನ್ ಮೆಲ್ಲಗೆ ಕೇಳಿದರು. “ಕಿಕುನೊ ಸಾನ್, ಹೋಗ್ಲಿ, ಆ ಗೊಂಬೆಗಳನ್ನಾದ್ರೂ...”

“ಗೊಂಬೆಗಳಲ್ಲ. ರಾಕ್ಷಸರು.”

“ಅದೇ ಕಣ್ರೀ, ಹುಡುಗರ ಆಟದ ಸಾಮಾನು. ನಾಳೆ ಪಾಪ ನಿಮ್ಮ ತಂಗಿ ಫುಸಾಎ ಸಾನ್ ಅಷ್ಟನ್ನೂ ಹೊರಬೇಕಲ್ವಾ?”

“ಹೊರಲಿ ಬಿಡಿ. ಅವಳ ಸೊಂಟ ನನ್ನದಕ್ಕಿಂತ ಹತ್ತು ವರ್ಷ ಚಿಕ್ಕದು.”

ಹೆಂಗಸರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ನಕ್ಕು ಮತ್ತೆ ಬರೆಯತೊಡಗಿದರು.

ಕಿಕುನೊ ಇಪ್ಪತ್ತೊಂದಕ್ಕೆ ಮದುವೆಯಾಗಿ ಈ ಬೀದಿಯ ಎರಡು ಕೋಣೆಯ ಮನೆಗೆ ಬಂದಾಗ ಮನೆಮನೆಯಲ್ಲೂ ಥಿನ್ನರ್ ವಾಸನೆ. ಹಿಂದಿನ ಗಲ್ಲಿಯ ಕಾರ್ಖಾನೆಯಲ್ಲಿ ಮೆತ್ತನೆಯ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹೊಯ್ದು ರಾಕ್ಷಸರನ್ನು ತೆಗೆಯುತ್ತಿದ್ದರು. ಬಣ್ಣದ ಕೆಲಸ ಬೀದಿಯ ಹೆಂಗಸರಿಗೆ. ಬೆಳಿಗ್ಗೆ ಸೈಕಲ್ ಮೇಲೆ ಪೆಟ್ಟಿಗೆ ಬರುವುದು, ಸಂಜೆ ಹೋಗುವುದು. ಒಬ್ಬಳು ಬೆನ್ನಿಗೆ ಬಣ್ಣ ಊದಿದರೆ ಇನ್ನೊಬ್ಬಳು ಹಲ್ಲು ಬಳಿಯುವಳು. ಕಿಕುನೊ ಕಣ್ಣು ಬರೆಯುವಳು. ದಿನಕ್ಕೆ ಮುನ್ನೂರು ಜೋಡಿ. ಗಂಡ ಊಟಕ್ಕೆ ಕೂತು, ಅನ್ನವೂ ಥಿನ್ನರ್ ನಾತ ಹೊಡೆಯುತ್ತೆ ಅಂತ ಮೂಗು ಮುರಿಯುತ್ತಿದ್ದ. ಆ ರಾಕ್ಷಸರು ಟೀವಿಯಲ್ಲಿ ಕುಣಿಯುತ್ತಿದ್ದರಂತೆ, ಊರು ತುಳಿಯುತ್ತಿದ್ದರಂತೆ. ಕಿಕುನೊ ಮನೆಯಲ್ಲಿ ಟೀವಿಯೇ ಇರಲಿಲ್ಲ. ನುಮಾಗೊರ ಅನ್ನುವ ಕೆಸರಿನ ರಾಕ್ಷಸ ಒಳ್ಳೆಯವನೋ ಕೆಟ್ಟವನೋ ಅಂತಲೂ ಗೊತ್ತಿಲ್ಲದೆ ಅವಳು ಅವನಿಗೆ ಕಣ್ಣು ಕೊಟ್ಟಳು.

ಅವಳ ಕೈಗೊಂದು ಚಾಳಿಯಿತ್ತು. ಎಡಗಣ್ಣಿನ ಕಪ್ಪು ಚುಕ್ಕೆ ಕೂದಲೆಳೆಯಷ್ಟು ಮೇಲೆ ಬೀಳುತ್ತಿತ್ತು. ಮೇಸ್ತ್ರಿ ಒಂದನ್ನು ಎತ್ತಿ ಹಿಡಿದು, “ಏನಮ್ಮಾ ಇವು, ಪಕ್ಕದ ಮನೆ ಮಾತಿಗೆ ಕಿವಿ ಕೊಟ್ಟ ಹಾಗೆ ನೋಡ್ತವೆ?” ಅಂತ ಬೈದಿದ್ದ.

“ಈ ಬೀದೀಲಿ ಬೆಳೆದ್ರೆ ಇನ್ನೇನು ಮಾಡ್ತವೆ?” ಅಂದಿದ್ದಳು ಕಿಕುನೊ.

ತಂಗಿ ಫುಸಾಎಗೆ ಆಗ ಹನ್ನೊಂದು ವರ್ಷ. ಶಾಲೆ ಮುಗಿಸಿ ಅಕ್ಕನ ಮನೆಗೆ ಬಂದು ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಒಂದು ದಿನ, “ಅಕ್ಕ, ಒಂದೇ ಒಂದು ಕೊಡೇ” ಅಂತ ಪೆಟ್ಟಿಗೆಗೆ ಕೈ ಹಾಕಿದಳು. ಕಿಕುನೊ ಆ ಕೈ ಮೇಲೆ ಫಟ್ಟಂತ ಹೊಡೆದಳು. ಬೆಳಿಗ್ಗೆ ಎಷ್ಟು ಬಂದಿತ್ತೋ ಸಂಜೆ ಅಷ್ಟೇ ಹೋಗಬೇಕಿತ್ತು, ಕೆಟ್ಟದ್ದು ಕೂಡ. ಫುಸಾಎ ಆಮೇಲೆ ಯಾವತ್ತೂ ಕೇಳಲಿಲ್ಲ.

ಕಾರ್ಖಾನೆ ಮುಚ್ಚಿತು. ಗಂಡ ತೀರಿಕೊಂಡ. ಐವತ್ತೆರಡನೇ ವಯಸ್ಸಿನಲ್ಲಿ ಕಿಕುನೊ ಗುಡಿಯಂಗಳದ ಹಳೇ ಸಾಮಾನಿನ ಸಂತೆಗೆ ಒಂದು ದೊಡ್ಡ ಮಣ್ಣಿನ ಮಡಕೆ ಹುಡುಕಿಕೊಂಡು ಹೋದಾಗ, ಚಾಪೆಯ ಮೇಲಿಂದ ಯಾರೋ ಅವಳನ್ನು ಓರೆಗಣ್ಣಲ್ಲಿ ನೋಡಿದ ಹಾಗಾಯಿತು. ನೋಡಿದರೆ ನುಮಾಗೊರ. ಎಡಗಣ್ಣಿನ ಚುಕ್ಕೆ ಮೇಲಕ್ಕೆ. ಮಡಕೆ ಬಿಟ್ಟು ಅವನನ್ನು ಎತ್ತಿಕೊಂಡು ಬಂದಳು.

ಅಲ್ಲಿಂದ ಶುರುವಾಯಿತು. ಅವಳು ಎಲ್ಲ ರಾಕ್ಷಸರನ್ನೂ ಕೂಡಿಡಲಿಲ್ಲ. ತನ್ನ ಕೈಯ ಕಣ್ಣಿದ್ದರೆ ಮಾತ್ರ ತಂದಳು. ಇಪ್ಪತ್ತೆರಡು ವರ್ಷದಲ್ಲಿ ನಲವತ್ತೊಂದು. ಜೊತೆಗೆ ಹಳೇ ಬಾಡಿಗೆ ಕಾಮಿಕ್ಸ್, ಅವಳ ಚಿಕ್ಕಂದಿನಲ್ಲಿ ಅಂಗಡಿಯಿಂದ ರಾತ್ರಿಮಟ್ಟಿಗೆ ತಂದು ಓದಿ ವಾಪಸ್ ಕೊಡುತ್ತಿದ್ದಂಥವು. ದಾರ ಹಾಕಿ ಹೊಲಿದ ಬೆನ್ನು, ಅಂಗಡಿಯ ಮೊಹರು, ಪುಟದ ತುದಿಗೆ ಯಾರದೋ ಸಿಂಬಳ. ಶಾಲೆಯಲ್ಲಿ ಕಲಿಯದ ಅಕ್ಷರವನ್ನು ಅವಳು ಅವುಗಳಲ್ಲೇ ಕಲಿತಿದ್ದಳು. ಅಂಚುಗಳಲ್ಲಿ ಎಂದೋ ಓದಿದ ಮಕ್ಕಳು ಪೆನ್ಸಿಲಿನಲ್ಲಿ ಬರೆದಿಟ್ಟ ಮಾತುಗಳಿದ್ದವು. ‘ಮುಂದೆ ಓದಬೇಡ, ನಾಯಿ ಸಾಯುತ್ತೆ.’ ಕೆಳಗೆ ಬೇರೆ ಕೈಬರಹ: ‘ಓದಿದೆ. ಅಳು ಬಂತು.’ ಕಿಕುನೊಗೆ ಕಥೆಗಿಂತ ಅದು ಮುಖ್ಯ.

ಹಳೇ ಆಟಿಕೆ ಮಾರುವ ಒನೊದೆರಾ ಅನ್ನುವವನು ನಾಕಾನೊದ ತನ್ನ ಅಂಗಡಿಯಿಂದ ವರ್ಷಕ್ಕೆರಡು ಸಲ ಬಂದು, ಶೆಲ್ಫಿನ ಮುಂದೆ ಮಂಡಿಯೂರಿ, ನುಮಾಗೊರನನ್ನು ಕೊಡಿ ಅಂತ ಕೇಳುತ್ತಿದ್ದ. ಅವಳು ಚಹಾ ಕೊಟ್ಟು ಕಳಿಸುತ್ತಿದ್ದಳು.

ಸಂಘದ ಸಭೆಯಾಗಿ ಎರಡು ವಾರಕ್ಕೆ ಕಿಕುನೊಳ ಬಲಗಣ್ಣಿನ ಪೊರೆ ತೆಗೆಯುವ ಆಪರೇಷನ್. ಸೋಮವಾರ ಆಸ್ಪತ್ರೆಗೆ ಸೇರಿ ಮಂಗಳವಾರ ವಾಪಸ್. ಮನೆಯಲ್ಲಿರಲು ಫುಸಾಎ ಬಂದಳು. ಬಂದವಳೇ ಶೆಲ್ಫ್ ನೋಡಿ, “ಅಕ್ಕ, ಇದರ ಕೆಳಗೇ ಹಾಸಿಗೆ ಹಾಕ್ತೀಯಲ್ಲ, ಭೂಕಂಪ ಆದ್ರೆ?” ಅಂದಳು.

“ಪೊಳ್ಳು ಗೊಂಬೆ ಬಿದ್ದು ಸತ್ತವರು ಯಾರಿದಾರೆ?”

“ಈಗ ನೀನೇ ಗೊಂಬೆ ಅಂದೆ.”

“ಬಾಯಿ ಮುಚ್ಕೊಂಡು ನನ್ನ ಚೀಲ ಕೊಡು.”

ಮಂಗಳವಾರ ಹನ್ನೊಂದೂವರೆಗೆ, ಬಲಗಣ್ಣಿಗೆ ಬಿಳಿ ಹತ್ತಿ ಕಟ್ಟಿಸಿಕೊಂಡು ಕಿಕುನೊ ಬಾಗಿಲು ಸರಿಸಿದಳು. ಚಪ್ಪಲಿ ಬಿಡುವ ಜಾಗದಲ್ಲಿ ಅವಳ ಕಾಮಿಕ್ಸು ಆರು ಕಟ್ಟುಗಳಾಗಿ, ಹಗ್ಗ ಬಿಗಿದುಕೊಂಡು, ಗುರುವಾರದ ಹಳೇ ಪೇಪರ್ ಗಾಡಿಗೆ ಕಾದು ಕೂತಿದ್ದವು. ಒಳಗೆ ಶೆಲ್ಫ್ ಬೋಳು. ಫುಸಾಎ ಒದ್ದೆ ಬಟ್ಟೆಯಿಂದ ಅದನ್ನು ಒರೆಸುತ್ತಿದ್ದಳು.

“ಎಲ್ಲಿ?”

ಫುಸಾಎ ತಿರುಗಲಿಲ್ಲ. “ಕಸಕ್ಕೆ ಹಾಕಿಲ್ಲ ಅಕ್ಕ. ಕಣ್ಣಿರೋದನ್ನ ಹಾಗೆ ಎಸೀತಾರಾ? ಪದ್ಧತಿ ಪ್ರಕಾರ ಮಾಡಿದೀನಿ. ಕಾಲುವೆ ಪಕ್ಕದ ಗುಡೀಲಿ ಇವತ್ತು ಹಳೇ ಗೊಂಬೆಗಳಿಗೆ ಮಂತ್ರ ಹೇಳಿ ಪ್ರಾಣ ಕಳಿಸಿಕೊಡೋ ದಿನ. ಬೆಳಿಗ್ಗೆ ಟ್ಯಾಕ್ಸಿ ಮಾಡ್ಕೊಂಡು ಹೋಗಿ ಒಪ್ಪಿಸಿ ಬಂದೆ. ಕಾಣಿಕೇನೂ ಕೊಟ್ಟೆ. ಡಾಕ್ಟರು ನೀನು ಎಡವಬಾರದು ಅಂದಿದಾರೆ. ಈ ಮನೇಲಿ ಕಾಲಿಡೋಕೆ ಜಾಗ ಎಲ್ಲಿದೆ? ನೀನು ಇಲ್ಲಿ ಒಬ್ಬಳೇ ಬಿದ್ದು, ಮೂರು ದಿನ ಆದ್ಮೇಲೆ ಯಾರೋ ನೋಡಿ...” ಅವಳು ಒರೆಸಿದ್ದನ್ನೇ ಮತ್ತೆ ಒರೆಸಿದಳು.

“ಮಂತ್ರ ಎಷ್ಟು ಗಂಟೆಗೆ?”

“ಹನ್ನೊಂದಕ್ಕೆ. ಮುಗಿದಿರುತ್ತೆ.”

ಕಿಕುನೊ ಬಿಟ್ಟ ಚಪ್ಪಲಿಯನ್ನೇ ಮತ್ತೆ ಮೆಟ್ಟಿದಳು.

ಗುಡಿಯ ಅಂಗಳದಲ್ಲಿ ಧೂಪದ ಹೊಗೆ ಇನ್ನೂ ಆರಿರಲಿಲ್ಲ. ಮೆಟ್ಟಿಲ ತುಂಬ ರೇಷ್ಮೆಯುಟ್ಟ ರಾಜ ರಾಣಿ ಗೊಂಬೆಗಳು, ಹತ್ತಿಯ ಕರಡಿಗಳು. ಕೆಳಗಿನ ಸಾಲಿನಲ್ಲಿ ಅವಳ ನಲವತ್ತೊಂದು ಮಂದಿ. ಕೋರೆಹಲ್ಲು, ಮುಳ್ಳಿನ ಬೆನ್ನು, ಎತ್ತಿದ ಕೈ, ಎಲ್ಲ ಹಾಗೇ ಇತ್ತು. ಕಣ್ಣಿನ ಮೇಲೆ ಮಾತ್ರ ಒಂದೊಂದಕ್ಕೂ ಬಿಳಿ ಕಾಗದದ ಪಟ್ಟಿ ಅಂಟಿಸಿದ್ದರು, ಹೊರಟವರು ಹಿಂದೆ ತಿರುಗಿ ನೋಡದಿರಲಿ ಅಂತ. ಹುಲ್ಲಿನ, ಕಾಗದದ ಗೊಂಬೆಗಳನ್ನಷ್ಟೇ ಅಲ್ಲಿ ಸುಡುವುದು. ಪ್ಲಾಸ್ಟಿಕ್ಕಿನವನ್ನು ನಾಲ್ಕು ಗಂಟೆಗೆ ಕಸದ ಲಾರಿ ಬಂದು ಒಯ್ಯುತ್ತಿತ್ತು.

ಗುಡಿಯ ಗುರುಗಳು ಶುಂಕೈ, ಐವತ್ತರ ಆಸುಪಾಸಿನ ದಪ್ಪ ಮನುಷ್ಯ, ಪೊರಕೆ ಹಿಡಿದು ಬಂದರು.

“ಕಿಕುನೊ ಸಾನ್! ಕಣ್ಣಿಗೇನಾಯ್ತು?”

“ನನ್ನ ಕಣ್ಣು ಸರಿಯಾಗಿದೆ. ಇವರ ಕಣ್ಣು ಬಿಚ್ಚಿ. ಮನೆಗೆ ಕರ್ಕೊಂಡು ಹೋಗ್ಬೇಕು.”

ಅವರು ಪೊರಕೆ ಗೋಡೆಗೊರಗಿಸಿದರು. “ಆಗಲ್ಲಮ್ಮ. ಹೆಸರು ಓದಿ, ಮಂತ್ರ ಹೇಳಿ, ಪ್ರಾಣ ಕಳಿಸಿಕೊಟ್ಟಾಯ್ತು. ಈಗ ಇವು ಬರೀ ಪ್ಲಾಸ್ಟಿಕ್.”

“ಬರೀ ಪ್ಲಾಸ್ಟಿಕ್ ಕೊಡೋಕೆ ನಿಮಗೇನು ಕಷ್ಟ?”

“ಖಾಲಿ ಗೊಂಬೆ ಮನೇಲಿಟ್ರೆ ಒಳಗೆ ಬೇರೇನಾದ್ರೂ ಬಂದು ಸೇರ್ಕೊಳುತ್ತೆ ಅಂತಾರೆ.”

“ಗುರುಗಳೇ, ಒಂದ್ಸಲ ಮುಖ ನೋಡಿ ಇವನದು. ಇವನೊಳಗೆ ಬಂದು ಸೇರ್ಕೊಳ್ಳೋ ಧೈರ್ಯ ಯಾವ ದೆವ್ವಕ್ಕಿದೆ?”

ಗುರುಗಳು ನಗು ತಡೆಯಲು ಮೂಗು ಒತ್ತಿಕೊಂಡರು. ಆದರೂ ತಲೆ ಅಲ್ಲಾಡಿಸಿದರು. “ಒಬ್ಬರಿಗೆ ವಾಪಸ್ ಕೊಟ್ರೆ ನಾಳೆ ಎಲ್ಲರೂ ಬರ್ತಾರೆ. ನಾನು ಹೇಳಿದ ಮಂತ್ರಕ್ಕೆ ಏನು ಅರ್ಥ ಉಳಿಯುತ್ತೆ?”

ಅಷ್ಟರಲ್ಲಿ ಕರಡಿಗಳ ಹಿಂದಿನಿಂದ ಒಬ್ಬ ಎದ್ದು ನಿಂತ. ಒನೊದೆರಾ. ಗೊಂಬೆ ಕಳಿಸುವ ದಿನ ಇಂಥವರು ಗುಡಿ ಗುಡಿ ಸುತ್ತುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅವನ ಮುಖ ಬೆವೆತಿತ್ತು. “ಅಮ್ಮ, ಗುರುಗಳೇ, ಒಂದು ಮಾತು. ಇವನ್ನ ನನಗೆ ಬಿಡಿ. ಮನೇಗಲ್ಲ ತಾನೇ, ದೋಷ ಏನಿಲ್ಲ. ಗಾಜಿನ ಕಪಾಟಿನಲ್ಲಿ ದೀಪ ಹಾಕಿ ಇಡ್ತೀನಿ. ಧೂಳು ಕೂರಲ್ಲ. ಜನ ದೂರದಿಂದ ಬಂದು ಕೈ ಕಟ್ಟಿಕೊಂಡು ನೋಡ್ತಾರೆ.”

ಅವನು ಕೆಟ್ಟವನಲ್ಲ. ಹಾಗೇ ಮಾಡುತ್ತಿದ್ದ ಕೂಡ. ಲಾರಿಗಿಂತ ಗಾಜು ವಾಸಿ, ಅದು ಕಿಕುನೊಗೂ ತಿಳಿಯುತ್ತಿತ್ತು.

“ಗಾಜಿನೊಳಗಿಟ್ರೆ ಅವಕ್ಕೆ ಯಾರ ಮಾತು ಕೇಳ್ಸುತ್ತೆ?” ಅಂದಳು. ಆಮೇಲೆ ಗುರುಗಳ ಕಡೆ ತಿರುಗಿದಳು. “ನಿಮ್ಮ ಗುಡಿಗೆ ಹೊಸ ಬುದ್ಧನ ವಿಗ್ರಹ ತಂದ್ರೆ ಏನು ಮಾಡ್ತೀರಿ?”

“ಕಣ್ಣು ತೆರೆಸ್ತೀವಿ. ಕುಂಚ ಹಿಡಿದು ಮಂತ್ರ ಹೇಳಿ... ಆಗ ಅದಕ್ಕೆ ಪ್ರಾಣ ಬರುತ್ತೆ.”

“ವರ್ಷಕ್ಕೆ ಎಷ್ಟು ಸಲ ಮಾಡ್ತೀರಿ?”

“ಎರಡೋ ಮೂರೋ.”

“ನಾನು ದಿನಕ್ಕೆ ಮುನ್ನೂರು ಮಾಡ್ತಿದ್ದೆ. ಹದಿಮೂರು ವರ್ಷ. ಇವರ ಕಣ್ಣು ಬರೆದವಳು ನಾನು. ತೆರೆದವಳನ್ನ ಕೇಳದೆ ನೀವು ಹೇಗೆ ಮುಚ್ಚಿದ್ರಿ?”

ಅಂಗಳದಲ್ಲಿದ್ದ ಒಬ್ಬಿಬ್ಬರು ತಾಯಂದಿರು ಮಾತು ನಿಲ್ಲಿಸಿ ಇತ್ತ ನೋಡಿದರು. ಶುಂಕೈ ಗುರುಗಳು ಬಗ್ಗಿ ನುಮಾಗೊರನನ್ನು ಎತ್ತಿ ಅವಳ ಮುಂದೆ ಹಿಡಿದರು.

“ಹಾಗಾದ್ರೆ ನೀವೇ ಮತ್ತೆ ತೆರೆಸಿ,” ಅಂದರು. ದನಿ ಗಟ್ಟಿಯಾಗಿತ್ತು, ತಮಾಷೆ ಇರಲಿಲ್ಲ. “ಇಲ್ಲೇ, ಈಗಲೇ, ಒಂದೊಂದಕ್ಕೂ. ಲಾರಿ ಬರೋ ಮುಂಚೆ ಎಷ್ಟಕ್ಕೆ ಕಣ್ಣು ಬರುತ್ತೋ ಅಷ್ಟು ನಿಮ್ಮವು. ಖಾಲಿ ಇರೋದನ್ನ ಬಾಗಿಲು ದಾಟೋಕೆ ನಾನು ಬಿಡಲ್ಲ.”

ಒನೊದೆರಾ ಅವಳ ತೋಳು ಹಿಡಿದೇಬಿಟ್ಟ. “ಬೇಡಮ್ಮ! ಒಂದು ಚುಕ್ಕೆ ಇಟ್ರೆ ಮುಗೀತು. ಹಳೇ ಬಣ್ಣದ ಮೇಲೆ ಹೊಸ ಬಣ್ಣ ಬಿದ್ದಿದ್ದನ್ನ ಯಾವ ಸಂಗ್ರಹದವನೂ ಮುಟ್ಟಲ್ಲ!”

“ಅದೇ ಕೈ, ಅದೇ ಕಣ್ಣು. ಹೊಸದು ಎಲ್ಲಿಂದ ಬಂತು?”

“ಭೂತಗನ್ನಡಿ ಇಟ್ಟು ನೋಡ್ತಾರೆ. ಗೊತ್ತಾಗುತ್ತೆ.”

“ಆಗ್ಲಿ ಬಿಡಪ್ಪ. ಇನ್ಮೇಲೆ ಯಾರೂ ಕೊಡಿ ಕೊಡಿ ಅಂತ ನನ್ನ ಬಾಗಿಲಿಗೆ ಬರಲ್ಲ.”

ಗುರುಗಳು ಶಾಯಿ, ಕುಂಚ ತರಿಸಿದರು. ಕಿಕುನೊ ನೋಡಿ ಬಾಯಿ ತುಂಬ ನಕ್ಕಳು. “ಇದು ಪ್ಲಾಸ್ಟಿಕ್ ಮೇಲೆ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಜಾರುತ್ತೆ. ಅದರದ್ದೇ ಬಣ್ಣ ಬೇಕು.” ಅಂಗಳದ ಬಾಗಿಲಲ್ಲಿ ಫುಸಾಎ ನಿಂತಿದ್ದಳು. ಯಾವಾಗ ಬಂದಳೋ, ಕೈಯಲ್ಲಿ ಇನ್ನೂ ಆ ಒದ್ದೆ ಬಟ್ಟೆ. “ಫುಸಾಎ! ಅಡುಗೆ ಮನೇಲಿ ತೊಟ್ಟಿ ಕೆಳಗೆ ಬಿಸ್ಕತ್ತಿನ ಡಬ್ಬಿ ಇದೆ. ಬಣ್ಣ, ಥಿನ್ನರು, ಸಣ್ಣ ಕುಂಚ. ಓಡು.”

ಫುಸಾಎ ಕದಲಲಿಲ್ಲ. “ಡಾಕ್ಟರು ಬಗ್ಗಬಾರದು ಅಂದಿದಾರೆ ಅಕ್ಕ.”

“ಬಗ್ಗಲ್ಲ. ಅವನ್ನೇ ಮುಖದ ಮುಂದೆ ಎತ್ತಿ ಹಿಡೀತೀನಿ. ಓಡ್ತೀಯೋ, ನಾನೇ ಹೋಗ್ಲೋ?”

ಫುಸಾಎ ಹೋದಳು. ಅರವತ್ನಾಲ್ಕರ ಹೆಂಗಸು ಓಡುವಷ್ಟು ಓಡಿದಳು.

ಒಂದೂಕಾಲಿಗೆ ಶುರುವಾಯಿತು. ಗುಡಿಯ ಜಗಲಿಯಲ್ಲಿ ಕಿಕುನೊ ನೆಟ್ಟಗೆ ಕೂತಳು. ಬಲಗಣ್ಣು ಕಟ್ಟಿದೆ, ಎಡಗಣ್ಣಿನಲ್ಲಿ ಇನ್ನೂ ಪೊರೆ. ಒಂದೇ ಕಣ್ಣಿಗೆ ಕುಂಚದ ತುದಿ ಎಷ್ಟು ದೂರ ಅಂತ ತಿಳಿಯುವುದಿಲ್ಲ. ಮೊದಲಿಗೆ ಅವಳು ನುಮಾಗೊರನನ್ನೇ ತೆಗೆದುಕೊಂಡಳು. ಒನೊದೆರಾ ಮುಖ ತಿರುಗಿಸಿದ. ಅವಳು ಎಡಗೈ ಹೆಬ್ಬೆರಳನ್ನು ರಾಕ್ಷಸನ ಹುಬ್ಬಿನ ಗಂಟಿಗೆ ಒತ್ತಿ, ಕಿರುಬೆರಳನ್ನು ಅವನ ದವಡೆಗೆ ಆನಿಸಿ, ಉಸಿರು ಹಿಡಿದು ಚುಕ್ಕೆ ಇಟ್ಟಳು. ಒಂದು. ಇನ್ನೊಂದು.

ಗುರುಗಳು ಬಗ್ಗಿ ನೋಡಿದರು. “ಎಡಗಡೆದು ಸ್ವಲ್ಪ ಮೇಲೆ ಬಿತ್ತೇನೋ?”

“ಸರಿಯಾಗೇ ಬಿತ್ತು.”

ಫುಸಾಎ ಕಾಗದದ ಪಟ್ಟಿ ಬಿಚ್ಚಿ ಕೊಡುವಳು, ಗುರುಗಳು ತುಟಿಯಲ್ಲೇ ಏನೋ ಹೇಳಿಕೊಂಡು ಬಣ್ಣ ಆರಿದ್ದನ್ನು ಸಾಲಾಗಿ ನಿಲ್ಲಿಸುವರು. ಇಪ್ಪತ್ತಾದ ಮೇಲೆ ಕಿಕುನೊ ಕುಂಚ ಕೆಳಗಿಟ್ಟು, ಬೆರಳು ಮಡಚಿ ಬಿಡಿಸಿ, ಮತ್ತೆ ಹಿಡಿದಳು. ಮೂವತ್ತೇಳನೆಯದನ್ನು ಕೊಡುವಾಗ ಫುಸಾಎ ತಡೆದಳು.

“ಈ ಉಗುರಿಗೆ ಬಣ್ಣ ಬಳಿದವರು ಯಾರು, ಕುರುಡರಾ? ಬೆರಳಿಗೆಲ್ಲ ಮೆತ್ತಿದಾರೆ.”

“ನೀನೇ.”

“ನಾನಾ?”

“ಮತ್ತಿನ್ಯಾರು? ಅವತ್ತು ಹೊಡೆಸಿಕೊಂಡು ಅಳ್ತಾ ಬಳಿದಿದ್ದು. ಕೆಟ್ಟಿದೆ ಅಂತ ಮೇಸ್ತ್ರಿ ವಾಪಸ್ ಕಳಿಸ್ತಾನೆ ಅಂದ್ಕೊಂಡಿದ್ದೆ. ಮಾರಿಬಿಟ್ಟಿದ್ದ. ಹನ್ನೆರಡು ವರ್ಷ ಹುಡುಕಿದೆ ಇವನನ್ನ. ಕೊಡಿಲ್ಲಿ, ಹೊತ್ತಾಗುತ್ತೆ.”

ಫುಸಾಎ ಆ ಉಗುರನ್ನು ತನ್ನ ಉಗುರಿನಿಂದ ಒಮ್ಮೆ ಕೆರೆದು ನೋಡಿ ಕೊಟ್ಟಳು.

ಲಾರಿ ಅಂಗಳಕ್ಕೆ ಹಿಂಭಾಗ ತಿರುಗಿಸಿ ಪೀಂ ಪೀಂ ಅನ್ನುವ ಹೊತ್ತಿಗೆ ನಲವತ್ತೊಂದೂ ಜಗಲಿಯ ಮೇಲೆ ನಿಂತು, ಎಲ್ಲವೂ ಒಟ್ಟಿಗೆ ಓರೆಗಣ್ಣಲ್ಲಿ ಡ್ರೈವರನನ್ನು ನೋಡುತ್ತಿದ್ದವು. ಅವನು ಎರಡು ಹೆಜ್ಜೆ ಹಿಂದೆ ಸರಿದ. “ಇವು ನಿಮ್ಮವಲ್ಲ,” ಅಂದರು ಗುರುಗಳು ಅವನಿಗೆ. ಒನೊದೆರಾ ಆಗಲೇ ಹೊರಟುಹೋಗಿದ್ದ.

ಅಂದು ಸಂಜೆ ಫುಸಾಎ ಎಲ್ಲವನ್ನೂ ತಾನೇ ಶೆಲ್ಫಿಗೆ ಏರಿಸಿದಳು. ಅಂಗಡಿಯಿಂದ ಕಬ್ಬಿಣದ ಪಟ್ಟಿ ತಂದು ಶೆಲ್ಫನ್ನು ಗೋಡೆಗೆ ಬಿಗಿದಳು. ಕಿಕುನೊ ಕಾಮಿಕ್ಸಿನ ಗಂಟು ಬಿಚ್ಚುತ್ತ ಕೂತಳು. “ಎಂಥಾ ಗಂಟು ಹಾಕ್ತೀಯೇ, ಹಂದಿ ಕಟ್ಟೋ ಹಾಗೆ!” ಅಂತ ಬೈದಳು. “ಕತ್ತರಿ ತಗೋ ಅಕ್ಕ,” ಅಂದಳು ಫುಸಾಎ. “ಹಗ್ಗ ಹಾಳಾಗುತ್ತೆ,” ಅಂದಳು ಕಿಕುನೊ. ಏಳು ಗಂಟೆಯ ರೈಲಿಗೆ ಫುಸಾಎ ತನ್ನ ಮನೆಗೆ ಹೋದಳು. ಕೈಚೀಲವನ್ನು ಎದೆಗವಚಿಕೊಂಡು, ಯಾಕೋ ಅಕ್ಕನ ಮುಖ ನೋಡದೆ ಹೋದಳು.

ಬೆಳಿಗ್ಗೆ ಎದ್ದು ಕಿಕುನೊ ಶೆಲ್ಫಿನ ಮೇಲಿನವನ್ನು ಎಣಿಸಿದಳು. ನಲವತ್ತು. ಇನ್ನೊಮ್ಮೆ ಎಣಿಸಿದಳು. ಮೂಲೆಯಲ್ಲಿ, ಉಗುರು ಕೆಟ್ಟವನು ನಿಲ್ಲುತ್ತಿದ್ದ ಜಾಗದಲ್ಲಿ ಅಂಗೈಯಗಲ ಖಾಲಿ ಇತ್ತು. ಉಳಿದವರನ್ನು ಒತ್ತರಿಸಿ ಆ ಜಾಗ ತುಂಬಿಸಲು ಕೈ ಎತ್ತಿದವಳು ಹಾಗೇ ಬಿಟ್ಟಳು. ಫೋನ್ ಮಾಡಲಿಲ್ಲ.

ಬುಧವಾರ ಸುಡುವಂಥ ಕಸ ಒಯ್ಯುವ ದಿನ. ಕಾಗದದ ಪಟ್ಟಿಗಳು, ಬಣ್ಣ ಒರೆಸಿದ ಚಿಂದಿ, ಮೀನಿನ ಮುಳ್ಳು, ಸಂಘದವರು ಕೊಟ್ಟ ನೋಟ್‌ಬುಕ್ಕು, ಎಲ್ಲವನ್ನೂ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಅವಳು ಬೀದಿ ಮೂಲೆಗೆ ಹೊತ್ತಳು. ನೆಜು ಸಾನ್ ಅಲ್ಲಿ ಗುಡಿಸುತ್ತಿದ್ದರು.

“ಅಬ್ಬಾ, ಕಡೆಗೂ ಎಸೀತಿದೀರಲ್ಲ ಕಿಕುನೊ ಸಾನ್!”

“ಎಸೀಬೇಕಾದ್ದನ್ನ ಎಸೀತೀನಮ್ಮ.”

ಅವಳು ಸೊಂಟ ಬಗ್ಗಿಸದೆ, ಮಂಡಿ ಮಡಚಿ ಕೂತು, ಕಾಗೆ ಕೆದಕದಂತೆ ಕಸಕ್ಕೆ ಹೊದಿಸಿದ್ದ ನೀಲಿ ಬಲೆಯ ಅಂಚು ಎತ್ತಿ ಚೀಲವನ್ನು ಒಳಗೆ ತಳ್ಳಿದಳು. ಕಾಗೆಗಳು ತಂತಿಯ ಮೇಲೆ ಕಾದಿದ್ದವು. ಬಲೆಯನ್ನು ನಾಲ್ಕೂ ಕಡೆ ಎಳೆದು ಸರಿ ಮಾಡಿ, ಮೂಲೆಯ ಮೇಲೆ ಇಟ್ಟಿಗೆ ಇಟ್ಟಳು.